ನಕ್ಷೆಗೆ ಕನ್ನಡ ಬರುವುದಿಲ್ಲವೇ?

ಕಳೆದ ತಿಂಗಳು ಗೃಹಪ್ರವೇಶದ ಕಾರ್ಡು ಮಾಡಿಸಲು ನಮ್ಮ ಪ್ರೆಸ್ಸಿಗೆ ಬಂದಾತ, ತಾರೀಖಿನ ಜಾಗ ಖಾಲಿ ಬಿಡಿ ಅಂದ. ಯಾಕಪ್ಪಾ ಅಂದರೆ ಮನೆಯೊಳಗೆ ಗೋಡೆ ಒಡೆಯುತ್ತಿದ್ದಾರಂತೆ! ಅಡುಗೆಮನೆ ಮತ್ತು ಊಟದ ಕೋಣೆಯ ನಡುವಿನ ಗೋಡೆ ಮೂರಡಿಗೇ ನಿಲ್ಲಬೇಕು ಎಂದು ಬೆಂಗಳೂರಿನಿಂದ ಬಂದ ನಕ್ಷೆಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಬರೆದಿದ್ದು ಇಂಗ್ಲಿಷಿನಲ್ಲಿ. ಮೂವತ್ತು ವರ್ಷದಿಂದ ಕರಣೆ ಹಿಡಿದಿರುವ ಮೇಸ್ತ್ರಿ ಗೆರೆ ಓದಬಲ್ಲ, ಅಳತೆ ಓದಬಲ್ಲ, ಪಕ್ಕದ ಟಿಪ್ಪಣಿ ಓದಲಾರ. ಗೋಡೆ ಸೂರು ಮುಟ್ಟಿತು. ನಷ್ಟ ಸಾಲ ಮಾಡಿ ಕಟ್ಟಿಸಿದವನಿಗೆ, ಬೈಗುಳ ಮೇಸ್ತ್ರಿಗೆ. ನಕ್ಷೆ ಬರೆದ ಮಹನೀಯರಿಗೆ?

ಇವರಿಗೆ ಹೇಳುವವರು ಕೇಳುವವರು ಇಲ್ಲವೇ? ಇದ್ದಾರೆ ಸ್ವಾಮಿ, ಗಟ್ಟಿಯಾಗಿಯೇ ಇದ್ದಾರೆ. 1917ರಲ್ಲಿ ಮುಂಬಯಿಯ ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ಕೂಟ 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಆಯಿತು. ಕರ್ನಾಟಕದಲ್ಲೂ ಅದರ ಶಾಖೆ ಇದೆ. 1972ರ ಕಾಯ್ದೆಯ ಪ್ರಕಾರ ನೋಂದಣಿಗೆ ದೆಹಲಿಯಲ್ಲಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇದೆ. ಒಬ್ಬರ ಕೆಲಸ ಇನ್ನೊಬ್ಬರು ಕಸಿಯಬಾರದು, ಹೀಗೆಲ್ಲ 1989ರ ನಡತೆ ನಿಯಮಗಳಿವೆ. ತಮ್ಮವರನ್ನು ಕಾಯುವುದರಲ್ಲಿ ಅವರನ್ನು ಮೆಚ್ಚಲೇಬೇಕು.

ಸಂಘದ ಬೆಲೆ ನನಗೆ ಗೊತ್ತು. ನಮ್ಮಪ್ಪನ ಕಾಲದ ಸೀಸದ ಅಕ್ಷರಗಳನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕಿದವನು ನಾನು. ಕಂಪ್ಯೂಟರ್ ಬಂತು, ಆಫ್‌ಸೆಟ್ ಬಂತು. ಮೊಳೆ ಜೋಡಿಸುತ್ತಿದ್ದ ಕೈಗಳಿಗೆ ಹೊಸ ಕೆಲಸ ಕಲಿಸಲು ಯಾರೂ ಬರಲಿಲ್ಲ. ನಮ್ಮಲ್ಲಿದ್ದ ಒಬ್ಬರು ಕೊನೆಗೆ ಹೂವು ಮಾರಿದರು. ಅವರಷ್ಟು ಚೆನ್ನಾಗಿ ಒತ್ತಕ್ಷರ ಕೂರಿಸುವವರನ್ನು ಮತ್ತೆ ನಾನು ಕಾಣಲಿಲ್ಲ.

ಈಗ ಆ ಗಾಳಿ ನಕ್ಷೆಯವರ ಬಾಗಿಲಿಗೂ ಬಂದಿದೆ. 2020ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಏನು ಹೇಳಿತು ಗೊತ್ತೇ? ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ. ಆದರೆ ಅವರು ಆ ಕೆಲಸ ಮಾಡುವುದನ್ನು ಕಾಯ್ದೆಯ 37ನೇ ಕಲಂ ತಡೆಯುವುದಿಲ್ಲ! ಹೆಸರಿಗೆ ಕಾವಲು ಉಳಿಯಿತು, ಹೊಲಕ್ಕೆ ಬೇಲಿ ಇಲ್ಲ. ಇವತ್ತು ಮೊಬೈಲಿಗೆ ಸೈಟಿನ ಅಳತೆ ಕೊಟ್ಟರೆ ಅದೂ ಒಂದು ನಕ್ಷೆ ಬರೆಯುತ್ತದೆ. ನಮ್ಮ ಪೇಟೆಯಲ್ಲಂತೂ ಡಿಪ್ಲೊಮಾ ಹುಡುಗನಿಂದ ಸಿಮೆಂಟ್ ಅಂಗಡಿಯವನವರೆಗೆ ಎಲ್ಲರೂ ‘ಇಂಜಿನಿಯರ್’. ಐದು ವರ್ಷ ಓದಿದವರಿಗೂ ಇವರಿಗೂ ಏನು ವ್ಯತ್ಯಾಸ ಎಂದು ಜನಕ್ಕೆ ತಿಳಿಸಿದವರು ಯಾರು? ಯಾವ ಭಾಷೆಯಲ್ಲಿ ತಿಳಿಸಿದರು?

ಕೃಷ್ಣರಾಜಪೇಟೆಯ ಪಕ್ಕದಲ್ಲೇ ಹೊಸಹೊಳಲು. ಅಲ್ಲಿಯ ಲಕ್ಷ್ಮೀನಾರಾಯಣ ಗುಡಿ 13ನೇ ಶತಮಾನದ್ದು, ಹೊಯ್ಸಳರದು. ಅದೇ ಕಾಲದ ಸೋಮನಾಥಪುರಕ್ಕೆ ಹೋಗಿ ನೋಡಿ. ವಿಗ್ರಹಗಳ ಕೆಳಗೆ ಮಲ್ಲಿತಮ್ಮ ತನ್ನ ಹೆಸರು ಕೊರೆದಿದ್ದಾನೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಎಲ್ಲ ಕನ್ನಡದಲ್ಲಿ! 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಆ ಗುಡಿಗಳಲ್ಲಿ ಸೋಮನಾಥಪುರದ್ದೂ ಬೇಲೂರಿನದೂ ಇವೆ. ಉಳಿ ಹಿಡಿದವನಿಗೂ ಲೆಕ್ಕ ಹಾಕಿದವನಿಗೂ ಒಂದೇ ಮಾತು ಅರ್ಥವಾಗದೆ ನಕ್ಷತ್ರದಾಕಾರದ ಜಗಲಿ ಎದ್ದೀತೇ?

ಕಾಲೇಜಿನಲ್ಲಿ ಇಂಗ್ಲಿಷ್ ಓದಲಿ, ಲಂಡನ್ನಿಗೂ ಹೋಗಲಿ, ನನ್ನ ತಕರಾರಿಲ್ಲ. ಆದರೆ ಕರ್ನಾಟಕದ ಶಾಖೆಯವರು ನಕ್ಷೆಗೆ ಬೇಕಾದ ಕನ್ನಡ ಮಾತುಗಳ ಒಂದು ಪಟ್ಟಿ ಮಾಡಲಿ. ಮೇಸ್ತ್ರಿಯನ್ನೇ ಕೂರಿಸಿಕೊಂಡು ಮಾಡಲಿ, ಪಂಡಿತರ ಕೈಗೆ ಕೊಟ್ಟರೆ ಇಂಗ್ಲಿಷೇ ವಾಸಿ ಅನ್ನಿಸೀತು! ಮನೆ ಮಾಲೀಕನ ಜೊತೆಗಿನ ಕರಾರುಪತ್ರ ಕನ್ನಡದಲ್ಲಿ ಬರಲಿ. ವರ್ಷಕ್ಕೊಂದು ಸಭೆ ಬೆಂಗಳೂರಿನ ಹೋಟೆಲು ಬಿಟ್ಟು ತಾಲ್ಲೂಕಿನಲ್ಲಿ ನಡೆಯಲಿ. ಅಲ್ಲಿ ಒಬ್ಬನೇ ಕಚೇರಿ ತೆರೆದು ನೊಣ ಹೊಡೆಯುತ್ತಿರುವ ಹುಡುಗನಿಗೆ ಅದೇ ದೊಡ್ಡ ಆಸರೆ.

ಆರ್ಕಿಟೆಕ್ಚರ್ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ನಾಳೆ ಆ ಸಂಘದ ಸದಸ್ಯರು ನೀವೇ. ಮುಂದಿನ ನಕ್ಷೆಯ ಟಿಪ್ಪಣಿಗಳನ್ನು ಎರಡೂ ಭಾಷೆಯಲ್ಲಿ ಬರೆಯಿರಿ, ಯಾರ ಅಪ್ಪಣೆಯೂ ಬೇಡ. ಪದಗಳ ಪಟ್ಟಿ ಸಿದ್ಧವಾದರೆ ಕೃಷ್ಣರಾಜಪೇಟೆಗೆ ತನ್ನಿ. ಕಾಗದದ ದುಡ್ಡು ಕೊಟ್ಟರೆ ಸಾಕು, ಮೊದಲ ಸಾವಿರ ಪ್ರತಿ ನಮ್ಮ ಪ್ರೆಸ್ಸಿನಲ್ಲಿ ನಾನೇ ಅಚ್ಚು ಹಾಕಿಕೊಡುತ್ತೇನೆ.