ಗುರುಗಳ ಶಿಫಾರಸು ಪತ್ರ

ಪರದೇಶದ ವಿಶ್ವವಿದ್ಯಾಲಯಗಳು ಅಂಕಗಳೊಡನೆ ಅಧ್ಯಾಪಕರ ಶಿಫಾರಸು ಪತ್ರಗಳನ್ನೂ ಸಾಮಾನ್ಯವಾಗಿ ಅಪೇಕ್ಷಿಸುತ್ತವೆ. ಹಿಂದೊಮ್ಮೆ ಹೊಳಲ್ಕೆರೆಯ ಹುಡುಗನೊಬ್ಬನು ಕಡೆಯ ದಿನದ ಸಂಜೆ ನನ್ನಲ್ಲಿಗೆ ಬಂದನು. ಅವನ ಹೆಸರು ನೆನಪಿತ್ತು, ಗುಣವಿಶೇಷ ನೆನಪಿರಲಿಲ್ಲ. ‘ಸದ್ಗುಣಿ, ವಿಧೇಯ’ ಎಂದು ಬರೆದು ಕಳುಹಿಸಿದೆನು. ಅವನಿಗೆ ಸ್ಥಳ ದೊರೆಯಲಿಲ್ಲ. ಯಾರಿಗಾದರೂ ಹೊಂದುವ ಆ ಎರಡು ಪದಗಳು ನನ್ನನ್ನು ಇಂದಿಗೂ ನೋಯಿಸುತ್ತವೆ.

ಆದುದರಿಂದ ಮಕ್ಕಳಿಗೆ ಹೀಗೆ ಹೇಳಿರಿ: ಅಧ್ಯಾಪಕರ ಪದವಿಯ ಹಿರಿಮೆಯನ್ನು ನೋಡಬೇಡಿರಿ, ನಿಮ್ಮ ತಪ್ಪನ್ನು ತಿದ್ದಿ, ನೀವು ಮುಂದುವರಿದುದನ್ನು ಕಣ್ಣಾರೆ ಕಂಡವರನ್ನು ಆರಿಸಿರಿ. ತಿಂಗಳ ಮೊದಲೇ ಹೋಗಿ, “ನನ್ನ ವಿಷಯವಾಗಿ ಮನಃಪೂರ್ವಕವಾಗಿ ಬರೆಯಬಲ್ಲಿರಾ, ಸಾರ್?” ಎಂದು ಕೇಳಿರಿ. ಹಿಂಜರಿದರೆ ನಮಸ್ಕರಿಸಿ ಬನ್ನಿರಿ, ಅದೂ ಉಪಕಾರವೇ. ಒಪ್ಪಿದರೆ ಅಂಕಪಟ್ಟಿ, ಮಾಡಿದ ಕೆಲಸದ ವಿವರ, ಕಡೆಯ ದಿನಾಂಕಗಳನ್ನು ಒಪ್ಪಿಸಿರಿ.

ಫಲವೇನೇ ಆದರೂ ತಿಳಿಸಲು ಮರೆಯಬೇಡಿರಿ. ಕುವೆಂಪುರವರು ತಮ್ಮ ಗುರುಗಳಾದ ನಮ್ಮ ಜಿಲ್ಲೆಯ ತಳುಕಿನ ವೆಂಕಣ್ಣಯ್ಯನವರಿಗೆ ಮಹಾಕಾವ್ಯವನ್ನೇ ಅರ್ಪಿಸಿದರು; ನಿಮ್ಮ ಗುರುಗಳಿಗೆ ಒಂದು ಕಾಗದವೇ ಸಾಕು.