ಕರೆ ಎಣಿಸಿದ್ದಾಯ್ತು, ನೋವು?

ಇ-ಸಂಜೀವಿನಿ 2019ರಲ್ಲಿ ಶುರುವಾಯ್ತು. ಎಷ್ಟು ಕೋಟಿ ಸಮಾಲೋಚನೆ ಆಯ್ತು ಅನ್ನೋ ಲೆಕ್ಕ ಸರ್ಕಾರದ ಹತ್ತಿರ ಇದೆ. ಕರೆ ಮುಗಿದ ಮೇಲೆ ಭದ್ರಾವತಿ ಕಡೆಯ ಸಕ್ಕರೆ ಕಾಯಿಲೆಯ ಅಜ್ಜಿ ಹೇಗಿದ್ದಾರೆ? ಅದು ಆ ಲೆಕ್ಕದಲ್ಲಿ ಬರಲ್ಲ. ಶಿವಮೊಗ್ಗದ ಮೆಗ್ಗಾನ್‌ಗೆ ಹೋಗೋ ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿಯಿತು, ಒಪ್ಪೋಣ. ಅದು ಉಳಿತಾಯ, ಆರೋಗ್ಯ ಅಲ್ಲ.

ಇಕ್ಯೂ-5ಡಿ ಅನ್ನೋ ಪ್ರಶ್ನಾವಳಿಯಲ್ಲಿ ಐದೇ ವಿಷಯ: ಓಡಾಡೋಕೆ ಆಗುತ್ತಾ, ಸ್ನಾನ-ಬಟ್ಟೆ ತಾವೇ ನೋಡ್ಕೋತಾರಾ, ದಿನದ ಕೆಲಸ ನಡೆಯುತ್ತಾ, ನೋವಿದೆಯಾ, ಚಿಂತೆ ಕಾಡುತ್ತಾ. (ವಿಶ್ವ ಆರೋಗ್ಯ ಸಂಸ್ಥೆಯ ಚಿಕ್ಕ ಪ್ರಶ್ನಾವಳಿಯಲ್ಲೇ 26 ಪ್ರಶ್ನೆ, ಉದ್ದವಾಯ್ತು.) ಮೊದಲ ಕರೆಯ ದಿನ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಕೇಳಲಿ. ಅದೂ ಅಜ್ಜಿಯನ್ನೇ, ಫೋನ್ ಹಿಡಿದ ಮಗನನ್ನಲ್ಲ. ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಕಟ್ಟೋದಾದರೆ ದುಡ್ಡು ಕೊಟ್ಟು ಕಟ್ಟಲಿ.