ಮುಟ್ಟಿ ಕಲಿಯುವ ಇತಿಹಾಸ

ಇತಿಹಾಸವೆಂದೊಡನೆ ಅನೇಕ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಅರಸರ ಹೆಸರುಗಳ ಮತ್ತು ಇಸವಿಗಳ ಉದ್ದನೆಯ ಪಟ್ಟಿ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರೆ ಕೆಲಸ ಮುಗಿಯಿತೆಂಬ ಭಾವನೆ ಬೇರೂರಿದೆ. ಇದು ಆ ಶಾಸ್ತ್ರಕ್ಕೆ ಮಾಡುವ ಅನ್ಯಾಯ. ಇತಿಹಾಸಕಾರನು ಕಲ್ಲು, ನಾಣ್ಯ, ತಾಮ್ರಪಟ, ಮಡಕೆಯ ಚೂರು ಇವುಗಳನ್ನು ಪರೀಕ್ಷಿಸಿ, ಪ್ರಶ್ನಿಸಿ ಸತ್ಯವನ್ನು ಅರಿತವನು. ಅವನು ನಡೆದ ದಾರಿಯಲ್ಲಿ ವಿದ್ಯಾರ್ಥಿಯೂ ನಾಲ್ಕು ಹೆಜ್ಜೆ ನಡೆಯಬೇಕು.

ಕರ್ನಾಟಕದ ಇತಿಹಾಸ ಬೆಳಕಿಗೆ ಬಂದ ಬಗೆಯೇ ಇದಕ್ಕೆ ಸಾಕ್ಷಿ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳಿಂದ ಸಾವಿರಾರು ಶಾಸನಗಳ ಪಾಠವನ್ನು ಸಂಗ್ರಹಿಸಿ, 1886ರಿಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಪ್ರಕಟಿಸಿದರು. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪರಿಸರದಲ್ಲಿ ಅಶೋಕನ ಶಾಸನಗಳನ್ನು ಅವರು ಬೆಳಕಿಗೆ ತಂದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಕಂಡುಬಂದಿತು. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಆ ಬಂಡೆ ದೃಢಪಡಿಸಿತು.

ಇಂತಹ ಸಾಕ್ಷ್ಯಗಳು ದೂರದಲ್ಲಿ ಮಾತ್ರ ಇರುವುದಿಲ್ಲ. ನಾಡಿನ ಅನೇಕ ಊರುಗಳಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಇರುತ್ತವೆ. ಅದರ ಮುಂದೆ ನಿಂತ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಹಲವು: ವೀರನ ಕೈಯಲ್ಲಿರುವುದು ಬಿಲ್ಲೋ ಕತ್ತಿಯೋ? ಪಕ್ಕದಲ್ಲಿ ದನಕರುಗಳಿವೆಯೇ? ಇದ್ದರೆ ಅವನು ತುರುಗಳ ರಕ್ಷಣೆಗಾಗಿ ಮಡಿದಿರಬಹುದೇ? ಬೇಗೂರಿನಲ್ಲಿರುವ ಒಂಬತ್ತನೆಯ ಶತಮಾನದ ಶಾಸನವೊಂದು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಬೆಂಗಳೂರೆಂಬ ಹೆಸರಿನ ಪ್ರಾಚೀನತೆಯನ್ನು ತಿಳಿಸಿದ್ದು ಇಂತಹ ಒಂದು ಕಲ್ಲೇ.

ಪಾಠಗಳನ್ನು ಮುಗಿಸಲು ಕಾಲವೇ ಸಾಲದಿರುವಾಗ ಇದೆಲ್ಲ ಹೇಗೆ ಸಾಧ್ಯವೆಂದು ಕೆಲವರು ಆಕ್ಷೇಪಿಸುವುದುಂಟು. ಆದರೆ ಇದಕ್ಕೆ ಹೆಚ್ಚು ಕಾಲವಾಗಲಿ ಹಣವಾಗಲಿ ಬೇಕಿಲ್ಲ. ನಾಣ್ಯದ ಮೇಲೆ ತೆಳುವಾದ ಕಾಗದವನ್ನಿಟ್ಟು ಸೀಸದ ಕಡ್ಡಿಯಿಂದ ಮೆಲ್ಲನೆ ಉಜ್ಜಿದರೆ ಅಕ್ಷರಗಳು ಮೂಡುತ್ತವೆ. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ತಟ್ಟಿ, ಮಸಿ ಹಚ್ಚಿ ಅಚ್ಚು ತೆಗೆಯುವ ಕ್ರಮ ಇದರಿಂದ ಸುಲಭವಾಗಿ ಮನವರಿಕೆಯಾಗುತ್ತದೆ. ಮನೆಯ ಹಳೆಯ ಪಾವಿನಲ್ಲಿ ಧಾನ್ಯವನ್ನು ಅಳೆದು ಲೀಟರಿನೊಡನೆ ಹೋಲಿಸಬಹುದು. 1957ರಲ್ಲಿ ದಶಮಾಂಶ ನಾಣ್ಯಪದ್ಧತಿ ಬರುವ ಮೊದಲು ರೂಪಾಯಿಗೆ ಹದಿನಾರು ಆಣೆಗಳಿದ್ದುದನ್ನು ಲೆಕ್ಕಮಾಡಿಯೇ ಅರಿಯಬಹುದು. ಹೀಗೆ ಕೈಯಿಂದ ಕಲಿತದ್ದು ಬೇಗನೆ ಮರೆಯುವುದಿಲ್ಲ.

ಹಾಗೆಂದು ಪುಸ್ತಕವು ಅನಗತ್ಯವೆಂದಲ್ಲ. ಓದಿನ ಬೆಂಬಲವಿಲ್ಲದಿದ್ದರೆ ಕಲ್ಲು ಮೂಕವಾಗಿಯೇ ಉಳಿಯುತ್ತದೆ. ಪುಸ್ತಕವು ಪ್ರಶ್ನೆ ಕೇಳುವ ಶಕ್ತಿಯನ್ನು ಕೊಡುತ್ತದೆ. ವಸ್ತುವು ಉತ್ತರವನ್ನು ಒರೆಗೆ ಹಚ್ಚುತ್ತದೆ.

ಇಲ್ಲಿ ಮತ್ತೊಂದು ಹೊಣೆಯೂ ಇದೆ. ಎಷ್ಟೋ ಶಾಸನದ ಕಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗಿ, ಕಾಲುವೆಯ ಚಪ್ಪಡಿಗಳಾಗಿ ಸವೆದುಹೋಗಿವೆ. ಸವೆದ ಅಕ್ಷರವನ್ನು ಮರಳಿ ಕೆತ್ತಿ ಇತಿಹಾಸವನ್ನು ಪಡೆಯಲಾಗದು. ಹಳೆಯ ಕಲ್ಲನ್ನು ಕಂಡವರು ಅದನ್ನು ಗೀಚಬಾರದು, ಇದ್ದೆಡೆಯಿಂದ ಕದಲಿಸಬಾರದು. ಸ್ಥಳ ತಪ್ಪಿದ ವಸ್ತುವಿನ ಸಾಕ್ಷ್ಯ ಅರ್ಧ ನಷ್ಟವಾದಂತೆಯೇ. ಅದರ ವಿಷಯವನ್ನು ಅಧ್ಯಾಪಕರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು. ಊರಿನ ಕಲ್ಲಿನ ಬೆಲೆಯನ್ನರಿತ ವಿದ್ಯಾರ್ಥಿಯು ಇತಿಹಾಸವನ್ನು ಕಲಿಯುವುದಷ್ಟೇ ಅಲ್ಲ, ಅದನ್ನು ಉಳಿಸುತ್ತಾನೆ.